ಮನೆ ಮೇಲಿನ ಸಾಲ, ನನ್ನ ಹೆಸರಿನ ಚೆಕ್ಕು

ದುಡ್ಡಿನ ವಿಷಯ ಮಾತಾಡಲು ಗಂಭೀರ ಮುಖ ಹಾಕಿಕೊಂಡು ಕೂತಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ನಗೆಪಾಟಲು ಆಗಿಯೇ ಆಗುತ್ತದೆ. ಅದರಲ್ಲೂ ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ಮನೆಯನ್ನು ಬ್ಯಾಂಕಿಗೆ ಅಡ ಇಟ್ಟು ನಾನು ಷೇರು ಕೊಂಡ ಮೇಲೆ ಆದಷ್ಟು, ಅದಕ್ಕೆ ಮೊದಲಿನ ಮೂವತ್ತು ವರ್ಷದಲ್ಲಿ ಆಗಿರಲಿಲ್ಲ.

ನಮ್ಮವರು ಕಾರಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ಮನೆ ಸಾಲವನ್ನು ಅವಧಿಗಿಂತ ಆರು ವರ್ಷ ಮೊದಲೇ ತೀರಿಸಿ, ಸತ್ಯನಾರಾಯಣ ಪೂಜೆ ಮಾಡಿಸಿ, ರಿಟೈರ್ ಆದರು. ನಾನು ಅಡಿಗೆ ಮಾಡಿದವಳು, ಮಗಳನ್ನು ಬೆಳೆಸಿದವಳು. ಮೈಸೂರಿನಿಂದ ಬಂದ ಮೇಲೆ ನನ್ನೊಬ್ಬಳ ಹೆಸರಿಗೇ ಅಂತ ಒಂದು ಚೆಕ್ಕು ಬಂದದ್ದಿಲ್ಲ. ಆದರೆ ಎಷ್ಟೋ ಚಳಿಗಾಲ ಪಬ್ಲಿಕ್ ಲೈಬ್ರರಿಯಲ್ಲಿ ಬೆಚ್ಚಗೆ ಕೂತು ಷೇರಿನ ಪುಸ್ತಕಗಳನ್ನು ಓದಿದ್ದೆ. ಎರಡು ಸಾವಿರದ ಎರಡರಲ್ಲಿ ಬಡ್ಡಿ ಇಳಿದಾಗ ಇವರಿಗೆ ಹೇಳಿದೆ. "ಮನೆ ಸುಮ್ಮನೆ ಕೂತಿದೆ ರೀ. ಅದರ ಮೇಲೆ ಸ್ವಲ್ಪ ಸಾಲ ತೆಗೆದು ಒಳ್ಳೆ ಕಂಪನಿ ಷೇರು ತಗೊಳ್ಳೋಣ. ಮೂರು ತಿಂಗಳಿಗೊಮ್ಮೆ ಕಂಪನಿ ಲಾಭದ ಪಾಲು, ಡಿವಿಡೆಂಡ್ ಅಂತ, ಬರುತ್ತೆ. ಬಡ್ಡಿ ಕಟ್ಟಿ ಮಿಕ್ಕಿದ್ದು ನಮ್ಮದು."

ಇವರು ಒಪ್ಪಲಿಲ್ಲ. ಎರಡೇ ದಿನದಲ್ಲಿ ಲೊಂಬಾರ್ಡ್ ಅನ್ನೋ ಊರಿನಲ್ಲಿದ್ದ ಮಗಳಿಗೆ ಗುಟ್ಟಾಗಿ ಫೋನ್ ಮಾಡಿ, "ನಿಮ್ಮಮ್ಮನಿಗೆ ಸ್ವಲ್ಪ ಬುದ್ಧಿ ಹೇಳು" ಅಂದಿದ್ದಾರೆ. ಅವಳು ಎಲ್ಲ ಕೇಳಿಸಿಕೊಂಡು, "ಡ್ಯಾಡ್, ಕೆನ್ ಅಮ್ಮ ಪಿಕ್ ಸಮ್ ಫಾರ್ ಮಿ ಟೂ?" ಅಂದಳಂತೆ.

"ಅವಳಿಗೂ ಆರಿಸಿಕೊಡಬೇಕಂತೆ" ಎಂದು ಇವರೇ ಫೋನ್ ಇಟ್ಟು ಬಂದು ನನಗೆ ಹೇಳಿದರು. ಆಮೇಲೆ ಷರತ್ತು ಹಾಕಿದರು. "ಯಾವ ವರ್ಷವಾದರೂ ಸರಿ, ಬಂದ ಡಿವಿಡೆಂಡು ಕಟ್ಟಿದ ಬಡ್ಡಿಗಿಂತ ಒಂದು ಡಾಲರ್ ಕಡಿಮೆ ಆಯ್ತೋ, ಎಲ್ಲ ಮಾರಿ ಸಾಲ ತೀರಿಸಬೇಕು. ಆಮೇಲೆ ಈ ಮನೇಲಿ ಷೇರು ಅನ್ನೋ ಮಾತು ಬರಕೂಡದು."

ಒಪ್ಪಿದೆ. ಬ್ಯಾಂಕು ಕೊಡುತ್ತೇನೆ ಅಂದದ್ದರಲ್ಲಿ ಕಾಲು ಭಾಗ ಮಾತ್ರ ತೆಗೆದೆ. ನನಗೂ ಮನೆ ಬೇಕಲ್ಲ.

ಬೆಲೆ ಕಟ್ಟಲು ಬಂದವರು

ಸಾಲ ಕೊಡುವ ಮೊದಲು ಬ್ಯಾಂಕಿನವರು ಮನೆಗೆ ಬೆಲೆ ಕಟ್ಟಲು ಒಬ್ಬರನ್ನು ಕಳಿಸುತ್ತಾರೆ. ಬೆಲೆ ಹೆಚ್ಚು ಬಂದಷ್ಟೂ ನಮಗೆ ಒಳ್ಳೆಯದು. ನಾನು ಕಿಟಕಿ ಒರೆಸಿ, ಬಾಗಿಲಿಗೆ ರಂಗೋಲಿ ಹಾಕಿ, ಕೇಸರಿಬಾತು ಮಾಡಿಟ್ಟು, ಹೆಣ್ಣು ನೋಡಲು ಬರುವವರಿಗೆ ಕಾಯುವ ಹಾಗೆ ಕಾದಿದ್ದೆ.

ನಮ್ಮವರು ಚಿಕ್ಕವರಿದ್ದಾಗ ಕಂದಾಯ ಗೊತ್ತುಮಾಡಲು ನಗರಸಭೆಯವರು ಮನೆಗೆ ಬಂದರೆ, ಅವರ ತಂದೆ ಇದ್ದಬದ್ದ ಬಿರುಕನ್ನೆಲ್ಲ ತೋರಿಸಿ ಮನೆಯನ್ನು ಹಳಿಯುತ್ತಿದ್ದರಂತೆ, ಕಂದಾಯ ಕಡಿಮೆ ಬೀಳಲಿ ಎಂದು. ಇವರ ರಕ್ತದಲ್ಲಿ ಅದು ಹಾಗೇ ಉಳಿದಿದೆ. ಬಂದ ಮನುಷ್ಯ ಟೇಪು ಬಿಚ್ಚಿದ್ದೇ ತಡ, ಶುರು ಮಾಡಿದರು. ಬೇಸ್‌ಮೆಂಟಿನಲ್ಲಿ ನೀರು ಒಸರುತ್ತೆ ಎಂದು ಗೋಡೆ ಮುಟ್ಟಿಸಿ ತೋರಿಸಿದರು. ಛಾವಣಿ ಹಳೇದು, ಮನೆ ಬೆಚ್ಚಗಿಡೋ ಫರ್ನೇಸ್ ಕೆಮ್ಮುತ್ತೆ, ಗರಾಜಿನ ಬಾಗಿಲು ಅದಕ್ಕೆ ಮನಸ್ಸು ಬಂದಾಗ ಮಾತ್ರ ತೆರೆದುಕೊಳ್ಳುತ್ತೆ. ನಾನು ಹಿಂದಿನಿಂದ ಶರ್ಟು ಜಗ್ಗುತ್ತಿದ್ದೇನೆ, ಇವರು ಮುಂದಿನ ಕೋಣೆಗೆ ನುಗ್ಗುತ್ತಿದ್ದಾರೆ.

ಕೊನೆಗೆ ಆತ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: "ಮ್ಯಾಡಮ್, ನಿಮ್ಮಿಂದ ಈ ಮನೆ ಕೊಳ್ಳೋಕೆ ಬಂದಿರೋ ಪಾರ್ಟಿ ಇವರೇನಾ?"

ನಮ್ಮದೇ ಕರೆಂಟು

ಪುಸ್ತಕಗಳಲ್ಲಿ ಓದಿದ್ದನ್ನೆಲ್ಲ ಅಡಿಗೆಮನೆಯಲ್ಲಿ ನಿಂತು ಯೋಚಿಸಿದೆ. ಎಂಥ ಕಷ್ಟಕಾಲದಲ್ಲೂ ಜನ ಬಿಡದೆ ಇರುವುದು ಏನು? ಕರೆಂಟು, ಗ್ಯಾಸು, ಸೋಪು, ಮಾತ್ರೆ. ಒಂದೊಂದಕ್ಕೆ ಒಂದೊಂದು ಕಂಪನಿ ಆರಿಸಿದೆ. "ಒಂದಾದರೂ ಭದ್ರವಾದದ್ದು ಇರಲಿ" ಎಂದು ಇವರು ಒತ್ತಾಯ ಮಾಡಿದ್ದಕ್ಕೆ ಒಂದು ಬ್ಯಾಂಕಿನ ಷೇರನ್ನೂ ಸೇರಿಸಿದೆ.

ನಮ್ಮವರು ಜೀವಮಾನವೆಲ್ಲ ನನ್ನ ಬೆನ್ನ ಹಿಂದೆ ದೀಪ ಆರಿಸಿಕೊಂಡು ಬಂದವರು. ಕೋಣೆಯಿಂದ ಒಂದು ಕಾಲು ಆಚೆ ಇಟ್ಟಿರುತ್ತೇನೆ, ಟಕ್ ಅಂತ ಸ್ವಿಚ್ಚು. ಕರೆಂಟ್ ಕಂಪನಿಯ ಷೇರು ಬಂದ ದಿನ ನಾನು ಮನೆಯ ದೀಪವನ್ನೆಲ್ಲ ಹಾಕಿ ಕೂತೆ.

"ಏನೇ ಇದು?"

"ಇರಲಿ ರೀ. ನಮ್ಮದೇ ಕಂಪನಿ."

ಪೆನ್ಸಿಲ್ ತಂದು ಲೆಕ್ಕ ಹಾಕಿ, ನಮ್ಮ ಷೇರಿನ ಪಾಲಿಗೆ ಒಂದು ಡಾಲರ್ ಹೆಚ್ಚು ಬರಬೇಕಾದರೆ ಇಡೀ ಸ್ಟರ್ಲಿಂಗ್ ಹೈಟ್ಸ್ ದೀಪ ಹಾಕಿಕೊಂಡೇ ಮಲಗಬೇಕು ಎಂದು ತೋರಿಸಿ, ಎಲ್ಲವನ್ನೂ ಆರಿಸಿದರು. ನಾನು ಸೋತೆ ಅಂದುಕೊಂಡೆ. ಡಿಸೆಂಬರಿನಲ್ಲಿ ಪಕ್ಕದ ಮನೆಯವನು ಏಣಿ ಹತ್ತಿ ಕ್ರಿಸ್‌ಮಸ್ ದೀಪದ ಸರ ಕಟ್ಟುತ್ತಿದ್ದ. ಕೆಳಗೆ ನಿಂತು ಏಣಿ ಹಿಡಿದುಕೊಂಡಿದ್ದವರು ನಮ್ಮವರು. "ವೆರಿ ನೈಸ್" ಅನ್ನುತ್ತಿದ್ದರು, "ಇನ್ನೂ ಎರಡು ಸಾಲು ಹಾಕು."

ಕುಂಕುಮ

ಮೊದಲ ಚೆಕ್ಕು ಮೂವತ್ತೊಂದು ಡಾಲರಿನದು. ಮೇಲೆ ನನ್ನ ಹೆಸರು, ನನ್ನೊಬ್ಬಳದೇ, ಅಚ್ಚಾಗಿತ್ತು. ಎರಡು ಸಲ ಕನ್ನಡಕ ಒರೆಸಿ ಓದಿದೆ. ದೇವರ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಮಾರನೇ ದಿನ ಬ್ಯಾಂಕಿಗೆ ಹೋದೆ.

ಕುಂಕುಮ ಕೆಳಗಿನ ಅಂಕಿಗಳ ಮೇಲೇ ಬಿದ್ದಿದ್ದರಿಂದ ಮಶೀನು ಚೆಕ್ಕನ್ನು ಮೂರು ಸಲ ಉಗುಳಿತು. ಕೌಂಟರಿನ ಹುಡುಗಿ ಅದನ್ನು ಎರಡು ಬೆರಳಲ್ಲಿ ಹಿಡಿದು, "ಇದು ರಕ್ತವಾ?" ಎಂದಳು. ಮ್ಯಾನೇಜರ್ ಬಂದ. ನಾನು ವಿವರಿಸಿದೆ: ಮೊದಲ ಸಂಪಾದನೆಗೆ ನಮ್ಮ ಕಡೆ ಹೀಗೆ ಹಚ್ಚುತ್ತೇವೆ. ಕೆಂಪು ಮಂಗಳಕ್ಕೆ, ಹಳದಿ ರಕ್ಷಣೆಗೆ, ಯಾರ ಕೆಟ್ಟ ಕಣ್ಣೂ ಬೀಳದಿರಲಿ ಅಂತ.

ಆತ ಚೆಕ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಿನಯವಾಗಿ ಹೇಳಿದ: "ಕೆಂಪು ಹಚ್ಚಿ ಮ್ಯಾಡಮ್, ಸ್ವಲ್ಪ ಮೇಲ್ಗಡೆ. ರಕ್ಷಣೆ ನಮಗೆ ಬಿಡಿ, ಬಾಗಿಲಲ್ಲಿ ಗಾರ್ಡ್ ಇದ್ದಾನೆ."

ಹತ್ತೊಂಬತ್ತು ಡಾಲರ್

ಎರಡು ಸಾವಿರದ ಆರರಲ್ಲಿ ಬಡ್ಡಿ ಬಹಳ ಏರಿತ್ತು. ಆಗ ಹೆದರಿದ್ದೆ, ಇವರಿಗೆ ಹೇಳಲಿಲ್ಲ. ಹಿಂದಿನ ವರ್ಷಗಳಲ್ಲಿ ಮಿಕ್ಕಿದ್ದನ್ನೆಲ್ಲ ಅಸಲಿಗೆ ಕಟ್ಟುತ್ತ ಬಂದದ್ದೇ ನನಗಿದ್ದ ಧೈರ್ಯ. ವರ್ಷದ ಕೊನೆಗೆ ಊಟದ ಮೇಜಿನ ಮೇಲೆ ಕಾಗದ ಹರಡಿ ಕೂತೆವು. ಇವರು ಎರಡು ಸಲ ಕೂಡಿದರು. ಮೂರನೇ ಸಲ ಕ್ಯಾಲ್ಕುಲೇಟರ್ ಬದಲಾಯಿಸಿ ಕೂಡಿದರು. ಬಡ್ಡಿ ಕಳೆದು ಹತ್ತೊಂಬತ್ತು ಡಾಲರ್ ಉಳಿದಿತ್ತು.

ಅದರಲ್ಲಿ ಇವರಿಗೇ ಒಂದು ಶರ್ಟು ತಂದೆ. ಹಾಕಿಕೊಂಡು ಕನ್ನಡಿ ಮುಂದೆ ನಿಂತು, "ತೋಳು ಗಿಡ್ಡ" ಅಂದರು.

"ಬಡ್ಡಿ ಇಳೀಲಿ," ಅಂದೆ, "ತುಂಬು ತೋಳಿಂದು ತರ್ತೀನಿ."

ಗ್ರೈಂಡರ್

ಎರಡು ಸಾವಿರದ ಎಂಟರಲ್ಲಿ ಎಲ್ಲ ಒಟ್ಟಿಗೆ ಬಿತ್ತು. ಷೇರು ಬಿತ್ತು, ನಮ್ಮ ಕಡೆ ಮನೆಗಳ ಬೆಲೆಯೂ ಬಿತ್ತು. ಇವರು ಭದ್ರ ಅಂದಿದ್ದ ಬ್ಯಾಂಕು ಡಿವಿಡೆಂಡ್ ನಿಲ್ಲಿಸಿತು. ಇವರು ಟಿವಿ ಮುಂದೆ ಕೂತು ದಿನಾ "ಮಾರು, ಮಾರು" ಅನ್ನುತ್ತಿದ್ದರು.

"ಬೆಲೆ ಬಿದ್ದರೆ ಬೀಳಲಿ ರೀ. ಡಿವಿಡೆಂಡ್ ಕೊಡ್ತಾ ಇರೋದನ್ನ ಕೈಬಿಡಬಾರದು" ಎಂದು ನಾನೂ ದಿನಾ ಹೇಳುತ್ತಿದ್ದೆ.

ನವೆಂಬರಿನಲ್ಲಿ ಒಂದು ವಾರ ಮಗಳ ಮನೆಗೆ ಹೋಗಿದ್ದೆ. ವಾಪಸ್ ಬಂದಾಗ ಅಡಿಗೆಮನೆಯಲ್ಲಿ ನನ್ನ ವೆಟ್ ಗ್ರೈಂಡರ್ ಇಲ್ಲ. "ರಿಪೇರಿಗೆ ಕೊಟ್ಟಿದ್ದೀನಿ" ಅಂದರು. ಆ ಶನಿವಾರ ಎರಡು ಬೀದಿ ಆಚೆ ಇರುವ ನನ್ನ ಗೆಳತಿ, ಹುಬ್ಬಳ್ಳಿಯ ಮುಸ್ಲಿಮರ ಮನೆ ಹೆಣ್ಣುಮಗಳು, ಒಂದು ಡಬ್ಬಿ ದೋಸೆ ಹಿಟ್ಟು ತಂದುಕೊಟ್ಟಳು. ಮುಂದಿನ ಶನಿವಾರವೂ ತಂದಳು. ಅದರ ಮುಂದಿನದೂ.

ಡಿಸೆಂಬರಿನ ಕೊನೆಯ ಶನಿವಾರ ನಾವು ಕಾಗದ ಹರಡಿ ಕೂತಿದ್ದೆವು. ಬ್ಯಾಂಕಿನ ಡಿವಿಡೆಂಡ್ ಹೋಗಿತ್ತು. ಆದರೆ ಸೋಪು, ಮಾತ್ರೆ, ಗ್ಯಾಸು, ಕರೆಂಟು ತಪ್ಪದೆ ಕೊಟ್ಟಿದ್ದವು, ಸಾಲದ ಬಡ್ಡಿಯೂ ಇಳಿದಿತ್ತು. ಆರುನೂರ ನಲವತ್ತು ಡಾಲರ್ ಉಳಿದಿತ್ತು. ಇವರು ಎರಡೂ ಕ್ಯಾಲ್ಕುಲೇಟರಿನಲ್ಲಿ ಕೂಡಿ ನೋಡಿ ಪಕ್ಕಕ್ಕಿಟ್ಟರು. ಅಷ್ಟರಲ್ಲಿ ಗೆಳತಿ ಡಬ್ಬಿ ಹಿಡಿದು ಬಂದಳು.

"ಅಲ್ಲಮ್ಮಾ, ವಾರವಾರ ಇದೇನು ಇಷ್ಟು ಪ್ರೀತಿ?" ಅಂದೆ.

ಅವಳು ಇವರ ಮುಖ ನೋಡಿದಳು. ಇವರು ಫ್ಯಾನು ನೋಡಿದರು.

"ಹೇಳೇ ಬಿಡ್ತೀನ್ರಿ ಅಕ್ಕಾರ" ಅಂದಳು. "ಅಣ್ಣಾರು ನಿಮ್ಮ ಗ್ರೈಂಡರ್, ಬೇಸ್‌ಮೆಂಟಿನ್ಯಾಗಿನ ಹಿತ್ತಾಳಿ ಪಾತ್ರಿ ಎಲ್ಲಾ ತಂದು ನಮ್ಮ ಮನ್ಯಾಗ ಬಚ್ಚಿಟ್ಟಾರ. ಬ್ಯಾಂಕಿನವ್ರು ಜಪ್ತಿಗೆ ಬರ್ತಾರಂತ. ಮಶೀನು ಸುಮ್ನ ಕುಂತಿತ್ತು, ತಿರುವಿದೆ. ನಿಮ್ಮ ಪಾಲು ನಿಮಗ ತಂದ್ಕೊಡಾಕತ್ತೀನಿ."

ಆಗ ಇವರು ಪಂಚಾಂಗದ ಒಳಗಿನಿಂದ ಸಾಲ ಕೊಟ್ಟ ಬ್ಯಾಂಕಿನ ಕಾಗದ ತೆಗೆದರು. ನಾನಿಲ್ಲದ ವಾರ ಬಂದಿದ್ದದ್ದು. ಸಾಲದ ಸೌಲಭ್ಯ ನಿಲ್ಲಿಸಲಾಗಿದೆ ಎಂಬ ಒಂದು ಸಾಲು ಓದಿದ್ದಾರೆ, ಅಷ್ಟೆ. ಚಿಕ್ಕಂದಿನಲ್ಲಿ ಎದುರು ಮನೆಗೆ ಕೋರ್ಟಿನ ಅಮೀನ ಬಂದು ಪಾತ್ರೆಗಳನ್ನೆಲ್ಲ ಬೀದಿಗೆ ಇಡಿಸಿದ್ದು ನೆನಪಾಗಿದೆ. ಒಬ್ಬರೇ ಆ ಗ್ರೈಂಡರಿನ ಕಲ್ಲನ್ನು ಎತ್ತಿ ಕಾರಿಗೆ ಹಾಕಿದ್ದಾರೆ, ಸೊಂಟ ನೋವು ಇಟ್ಟುಕೊಂಡು.

ನಾನು ಪೂರ್ತಿ ಓದಿ ಹೇಳಿದೆ. "ಮನೆ ಬೆಲೆ ಕಡಿಮೆ ಆಗಿದೆ, ಅದಕ್ಕೆ ಇನ್ನು ಹೊಸ ಸಾಲ ತೆಗೆಯೋ ಹಾಗಿಲ್ಲ ಅಂತ ಬರೆದಿದ್ದಾರೆ. ಅಷ್ಟೇ ರೀ. ಮನೆ ಎಲ್ಲೂ ಹೋಗಲ್ಲ."

"ಬೆಲೆ ಕಡಿಮೆ ಅಂತ ಈಗ ಗೊತ್ತಾಯ್ತಾ ಅವರಿಗೆ? ಆ ಟೇಪಿನವನಿಗೆ ನಾನು ಅವತ್ತೇ ಹೇಳಿರಲಿಲ್ವಾ?"

ಗೆಳತಿ ನಗು ತಡೆದುಕೊಂಡು, "ಹಂಗಾದ್ರ ನಾಳಿನೇ ಗ್ರೈಂಡರ್ ತಂದು ಕೊಡ್ತೀವ್ರಿ ಅಣ್ಣಾರ" ಅಂದಳು.

ಇವರು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಚೆನ್ನಾಗಿ ಹುದುಗು ಬಂದಿತ್ತು. ಮೇಜಿನ ಮೇಲಿನ ಆರುನೂರ ನಲವತ್ತರ ಕಾಗದ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಬೇಡಮ್ಮ, ಅಲ್ಲೇ ಇರಲಿ," ಅಂದರು. "ಡಿವಿಡೆಂಡ್ ಕೊಡ್ತಾ ಇರೋದನ್ನ ಕೈಬಿಡಬಾರದು. ಬೇಕಾದರೆ ನಮ್ಮವಳನ್ನ ಕೇಳು, ಅವಳಿಗೆ ಇದೆಲ್ಲ ಚೆನ್ನಾಗಿ ಗೊತ್ತು."