ಕಂಪ್ಯೂಟರಿಗೆ ಬಾರದ ಕನ್ನಡ

ಸಂಖ್ಯಾಶಾಸ್ತ್ರವನ್ನು ಇಪ್ಪತ್ತೆರಡು ವರ್ಷ ಪಾಠ ಮಾಡಿದ ಮೇಲೂ ಕಂಪ್ಯೂಟರಿನ ಪರದೆಯಲ್ಲಿ ತಪ್ಪು ತೋರಿಸುವ ಕೆಂಪು ಅಕ್ಷರ ಕಂಡರೆ ಬೆಂಚಿನ ಮೇಲೆ ನಿಲ್ಲಬೇಕೆನಿಸುತ್ತದೆ, ಒಪ್ಪಿಕೊಂಡುಬಿಡುತ್ತೇನೆ. ಅದರಲ್ಲೂ ನಾನು ಬಳಸುವುದು ಯಾರೋ ಪುಣ್ಯಾತ್ಮರು ತಮ್ಮ ಬಿಡುವಿನಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಮುಕ್ತ ತಂತ್ರಾಂಶ. ಕೆಟ್ಟರೆ ಬೈಯೋಣವೆಂದರೆ ಯಾರನ್ನು ಬೈಯುವುದು? ನೆರೆಮನೆಯವರು ಕಳಿಸಿದ ಪಾಯಸದ ಹಾಗೆ. ತಳ ಹತ್ತಿದ್ದರೂ ಚೆನ್ನಾಗಿತ್ತು ಎಂದೇ ಪಾತ್ರೆ ಹಿಂದಿರುಗಿಸಬೇಕು.

ತೆಲುಗರ ಊರಿನಲ್ಲಿ, ಮೆಹದಿಪಟ್ಟಣದ ನಮ್ಮ ಮನೆಯ ಹಿಂದೆ ದೊಡ್ಡದೊಂದು ಕಟ್ಟಡ ಏಳುತ್ತಿದೆ. ಕೆಲಸದವರು ಹೆಚ್ಚಾಗಿ ಯಾದಗಿರಿ ಕಡೆಯವರು, ಪಕ್ಕದಲ್ಲೇ ತಗಡಿನ ಶೆಡ್ಡುಗಳಲ್ಲಿದ್ದಾರೆ. ಕನ್ನಡ ಕಿವಿಗೆ ಬಿದ್ದ ಸಂತೋಷಕ್ಕೆ ನಾನೇ ಹೋಗಿ ಮಾತಾಡಿಸಿದೆ. ಅಲ್ಲಿ ಇಟ್ಟಿಗೆ ಹೊರುವ ಮಹಾದೇವಿ ಒಂದು ದಿನ, "ಅಕ್ಕಾರ, ನಾವು ಮ್ಯಾಲೆ ಹೋದ್ರ ಕೂಸುಗಳು ಮರಳಿನಾಗ ಬಿದ್ದಿರ್ತಾವ್ರಿ. ಹೊಟ್ಟಿಗೂ ನೆಟ್ಟಗಿಲ್ಲ. ಒಂದು ಅಂಗನವಾಡಿ ಕೊಡಸ್ರಿ" ಎಂದಳು. ಇಬ್ಬರೂ ಸೇರಿ ತಕ್ಕಡಿ ತಂದು ಮಕ್ಕಳನ್ನೆಲ್ಲ ತೂಗಿದೆವು. ಅಂಗನವಾಡಿ ಮಂಜೂರು ಮಾಡುವ ನಾಂಪಲ್ಲಿಯ ಕಚೇರಿಯ ಅಧಿಕಾರಿ ಗುರುವಾರ ಬರಹೇಳಿದರು. ತೂಕದ ಪಟ್ಟಿಯನ್ನು ಹಾಗೇ ಒಯ್ದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಓದಿದವಳಲ್ಲವೇ? ಶೆಡ್ಡುಗಳ ನಕ್ಷೆಯ ಮೇಲೆ ಮಕ್ಕಳ ತೂಕವನ್ನು ಬಣ್ಣಬಣ್ಣವಾಗಿ ತೋರಿಸುವ ಆಸೆಯಾಯಿತು.

ಸೋಮವಾರ ಆ ನಕ್ಷೆ ಬಿಡಿಸುವ ಪ್ಯಾಕೇಜನ್ನು, ಅಂದರೆ ತಂತ್ರಾಂಶದ ತುಣುಕೊಂದನ್ನು, ಕಂಪ್ಯೂಟರಿಗೆ ಹಾಕಿಕೊಳ್ಳಲು ಕುಳಿತೆ. ಸಿದ್ಧವಾಗಿ ಸಿಗುವುದಿಲ್ಲ, ನೀವೇ ಕಟ್ಟಿಕೊಳ್ಳಿ ಎಂದಿತು. ಕಟ್ಟಲು ಇನ್ನೊಂದು ಪ್ಯಾಕೇಜು ಬೇಕೆಂದಿತು. ಅದನ್ನು ತಂದರೆ ಅದಕ್ಕೆ ಮತ್ತೊಂದು. ಆ ಮತ್ತೊಂದು ನನ್ನಲ್ಲಿತ್ತು, ಆದರೆ ಹಳೆಯದು. ಹೊಸದು ಹಾಕಿದೆ; ಅಷ್ಟು ದಿನ ತಮ್ಮ ಪಾಡಿಗೆ ನಡೆಯುತ್ತಿದ್ದ ಮೂರು ಪ್ಯಾಕೇಜುಗಳು ನಿಂತುಹೋದವು. ಅಂತರ್ಜಾಲದಲ್ಲಿ ಹುಡುಕಿದಾಗ ಇದೇ ಕೆಂಪು ಸಾಲನ್ನು ಕಂಡು ಗೋಳಾಡಿದವರೊಬ್ಬರು ಸಿಕ್ಕರು. ಅವರಿಗೆ ಬಂದಿದ್ದ ಒಂದೇ ಉತ್ತರ, "ಸೂಚನೆಗಳನ್ನು ಪೂರ್ತಿ ಓದಿದಿರಾ?" ಅದರ ಕೆಳಗೆ ಅವರೇ "ಸರಿಹೋಯಿತು, ವಂದನೆಗಳು" ಎಂದು ಬರೆದು ಹೊರಟುಹೋಗಿದ್ದರು. ಹೇಗೆ ಸರಿಹೋಯಿತೆಂದು ಹೇಳದ ಆ ಮಹಾನುಭಾವರನ್ನು ನೆನೆಯುತ್ತ ಎರಡು ಲೋಟ ಚಹಾ ಕುಡಿದೆ.

ಮಂಗಳವಾರ ಸಂಜೆ ಮಹಾದೇವಿ ವಿಚಾರಿಸಿಕೊಳ್ಳಲು ಬಂದಳು. "ಇನ್ನೂ ಕಟ್ಟುತ್ತಾ ಇದ್ದೀನಿ, ಆಗುತ್ತಿಲ್ಲ" ಎಂದೆ.

ಅವಳು ಪರದೆಯನ್ನೂ ನನ್ನನ್ನೂ ನೋಡಿದಳು. "ಅದೇನ್ ಕಟ್ಟಾಕತ್ತೀರಿ ಅಕ್ಕಾರ? ಎರಡು ದಿನಾತು, ಒಂದು ಗ್ವಾಡಿನೂ ಎದ್ದಿಲ್ಲಲ್ರಿ!"

ಅಷ್ಟರಲ್ಲಿ ಅವರ ಕಟ್ಟಡದಲ್ಲಿ ಇನ್ನೊಂದು ಸಾಲು ಗೋಡೆ ಎದ್ದಿತ್ತು. ಅವಳಿಗೂ ಚಹಾ ಕೊಟ್ಟೆ.

ಬುಧವಾರ ಲ್ಯಾಪ್‌ಟಾಪನ್ನು ಹೊತ್ತು ಕಾಲೇಜಿನ ರಹೀಂ ಭಾಯಿ ಬಳಿ ಹೋದೆ. ನಮ್ಮ ಕಂಪ್ಯೂಟರುಗಳನ್ನು ನೋಡಿಕೊಳ್ಳುವ, ನಿವೃತ್ತಿಗೆ ಹತ್ತಿರವಿರುವ ನಿಧಾನಸ್ಥರು. ಕೆಂಪು ಸಾಲುಗಳನ್ನು ಕನ್ನಡಕ ಒರೆಸಿ ಒರೆಸಿ ಓದಿದರು. ಒಂದು ಕಡೆ ಬೆರಳಿಟ್ಟು ನಕ್ಕರು. "ಮೇಡಂ, ನಾಮ್ ಕಾಯ್ಕು ಕನ್ನಡ ಮೇಂ ಲಿಖ್ಕೆ ರಖೇ? ಇಸ್ಕು ಕನ್ನಡ ನೈ ಆತಾ!"

ಹೆಸರನ್ನೇಕೆ ಕನ್ನಡದಲ್ಲಿ ಬರೆದಿಟ್ಟಿರಿ, ಇದಕ್ಕೆ ಕನ್ನಡ ಬರುವುದಿಲ್ಲ ಎಂದು! ಸಂಗತಿ ಇಷ್ಟು. ಲ್ಯಾಪ್‌ಟಾಪು ಕೊಂಡ ದಿನ, ಪರಸ್ಥಳದಲ್ಲಿರುವ ಕನ್ನಡತಿಯ ಅಭಿಮಾನದಿಂದ ಬಳಕೆದಾರರ ಹೆಸರಿನ ಜಾಗದಲ್ಲಿ ಕನ್ನಡ ಅಕ್ಷರಗಳಲ್ಲೇ 'ಸರೋಜಾ' ಎಂದು ಬರೆದಿದ್ದೆ. ನನ್ನ ಕಡತಗಳ ದಾರಿಯಲ್ಲೆಲ್ಲ ಆ ಹೆಸರಿತ್ತು. ಪ್ಯಾಕೇಜು ಕಟ್ಟುವ ಸಲಕರಣೆ ಅಲ್ಲಿಯವರೆಗೆ ಬಂದು, ಅಕ್ಷರ ಗುರುತು ಸಿಗದೆ, ಪ್ರತಿ ಸಲವೂ ಮುಗ್ಗರಿಸುತ್ತಿತ್ತು. ರಹೀಂ ಭಾಯಿ ನನಗೆ ಹೊಸ ಖಾತೆ ತೆರೆದು ಇಂಗ್ಲಿಷಿನಲ್ಲಿ 'ಎಬಿಸಿ' ಎಂದು ಹೆಸರಿಟ್ಟರು. ಅಪ್ಪ ಅಮ್ಮ ಇಟ್ಟ ಹೆಸರು ಹೋಗಿ ನಾನು ಎಬಿಸಿಯಾದ ಕಾಲು ಗಂಟೆಗೆ ಪ್ಯಾಕೇಜು ತೆಪ್ಪಗೆ ಕೂತಿತು. ಸಂತೋಷಪಡಲು ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ.

ಗುರುವಾರ ನಾವಿಬ್ಬರೂ ನಾಂಪಲ್ಲಿಗೆ ಹೋದೆವು. ಅಧಿಕಾರಿ ಎದುರಿಗಿದ್ದ ಕುರ್ಚಿ ತೋರಿಸಿ, ಸೊರಗಿದ ಮಕ್ಕಳು ಎಷ್ಟಿದ್ದಾರೆ ಎಂದು ತೆಲುಗಿನಲ್ಲಿ ಕೇಳಿದರು. ನಾನು ಲ್ಯಾಪ್‌ಟಾಪು ತೆರೆದೆ. ಅದು ಏಳಲು ತನ್ನ ಸಮಯ ತೆಗೆದುಕೊಳ್ಳುತ್ತಿರುವಾಗಲೇ ಮಹಾದೇವಿ ಬೆರಳು ಮಡಿಸತೊಡಗಿದಳು. ಲಚಮಿ, ಅಂಬ್ರೇಶ, ಸಾಬಣ್ಣನ ಎರಡೂ ಮಕ್ಕಳು, ಇನ್ನೂ ನಡೆಯಲಾರದ ಪುಟ್ಟ ಭೀಮವ್ವ, ತನ್ನ ಕೊನೆಯ ಮಗಳು, ಇನ್ನೂ ಹಲವರು. ಎರಡೂ ಕೈಗಳ ಬೆರಳು ಮುಗಿದು ಮತ್ತೆ ಮೊದಲ ಬೆರಳಿಗೆ ಬಂದಾಗ ಅಧಿಕಾರಿ ಸಾಕೆಂಬಂತೆ ತಲೆಯಾಡಿಸಿದರು. ಪೆನ್ನು ತೆಗೆದು ಒಂದು ಕೋಣೆ, ಒಬ್ಬ ಆಯಾ, ಮಧ್ಯಾಹ್ನದ ಊಟ ಎಂದು ಬರೆದು ಸಹಿ ಹಾಕಿದರು. ಮಹಾದೇವಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಆಗ ನನ್ನ ನಕ್ಷೆ ಮೂಡಿತು. ಹಸಿರು, ಹಳದಿ, ಕೇಸರಿ, ಬಹಳ ಸುಂದರವಾಗಿತ್ತು. ಅಧಿಕಾರಿಯ ಕಡೆ ತಿರುಗಿಸಿದೆ. "ಬಾಗುಂದಿ", ಚೆನ್ನಾಗಿದೆ ಎಂದು ಅವರು ಮುಂದಿನ ಫೈಲಿಗೆ ಕೈ ಹಾಕಿದರು.

ಮಹಾದೇವಿಗೆ ತಡೆಯಲಾಗಲಿಲ್ಲ. ಮೇಜಿನ ಮೇಲೆ ಬಾಗಿ, ಕೈಮುಗಿದು, "ಸಾರ್, ಮೇಡಂ ಮೂಡು ರೋಜುಲು ಕಷ್ಟಪಡ್ಡಾರು. ಕೊಂಚೆಂ ಚೂಡಂಡಿ" ಎಂದಳು. ಮೇಡಂ ಮೂರು ದಿನ ಕಷ್ಟಪಟ್ಟಿದ್ದಾರೆ, ಸ್ವಲ್ಪ ನೋಡಿ ಎಂದು!

ಅವಳ ಪರವಾಗಿ ಬೇಡಿಕೊಳ್ಳಲು ಬಂದವಳು ನಾನು. ಅಧಿಕಾರಿ ದೊಡ್ಡ ಮನಸ್ಸು ಮಾಡಿ ನನ್ನ ನಕ್ಷೆಯನ್ನು ಇನ್ನೂ ಅರ್ಧ ನಿಮಿಷ ನೋಡಿದರು.