ಹೊಸ ಲಾರಿಗೆ ಹಳೆಯ ಕೊಳೆ

ಕೊಳೆ ತೆಗೆಯುವ ಹೆಂಗಸನ್ನು ಯಾರೂ ತಿರುಗಿ ನೋಡುವುದಿಲ್ಲ. ಕೊಳೆ ಹುಡುಕಿಕೊಂಡು ಊರೂರು ಅಲೆಯುವ ಹೆಂಗಸಿಗೆ ಮಾತ್ರ ಹೊರಗೆ ಕಾಲಿಟ್ಟಾಗಲೆಲ್ಲ ಒಂದಲ್ಲ ಒಂದು ಫಜೀತಿ ಕಾದಿರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ತಿಪಟೂರಿನಲ್ಲಿ, ನಾನು ಅಂಥ ಹೆಂಗಸಾಗಿದ್ದೆ.

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಉಗುರು, ಕಾಲರು, ಕೈಬರಹ ಮೂರೂ ಅಲ್ಲಿ ದಿನಾ ತಪಾಸಣೆಯಾಗುತ್ತಿದ್ದವು. ಕೈಕೆಲಸ ಹೇಳಿಕೊಡುತ್ತಿದ್ದ ಸಿಸ್ಟರ್ ನಮ್ಮಿಂದ ಪುಟ್ಟ ಪುಟ್ಟ ಮಾದರಿಗಳನ್ನು ಮಾಡಿಸುತ್ತಿದ್ದರು. ನಿಜವಾದ ಒಂದು ಅಡಿಗೆ ಮಾದರಿಯಲ್ಲಿ ಅರ್ಧ ಅಂಗುಲ. ಅದರಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಕೂಡದು. ಮದುವೆಯಾಗಿ ಕೊಬ್ಬರಿ ವ್ಯಾಪಾರದ ಮನೆಗೆ ಬಂದ ಮೇಲೂ ನಾನು ಆ ಅಳತೆಯನ್ನು ಬಿಡಲಿಲ್ಲ.

ಮಾವನವರು ಹರೆಯದಲ್ಲಿ ತಮ್ಮದೇ ಲಾರಿ ಇಟ್ಟುಕೊಂಡು ಹಳ್ಳಿಗಳಿಂದ ಕಾಯಿ ತುಂಬಿ ತರುತ್ತಿದ್ದವರು. ನಾನು ಆ ಮನೆಗೆ ಬರುವಷ್ಟರಲ್ಲಿ ಲಾರಿ ಗುಜರಿಗೆ ಹೋಗಿ, ಗೋಡೆಯ ಮೇಲೆ ಅದರದೊಂದು ಫೋಟೋ ಮಾತ್ರ ಉಳಿದಿತ್ತು. ಆ ಫೋಟೋ ನೋಡಿಕೊಂಡು, ತಗಡು ಮತ್ತು ಪ್ಲೈವುಡ್ಡಿನಲ್ಲಿ, ತಿರುಗುವ ಚಕ್ರಗಳ ಸಮೇತ ನಾನು ಅದೇ ಅಳತೆಗೆ ಪುಟ್ಟ ಲಾರಿ ಕಟ್ಟಿದೆ. ಹಸಿರು ಬಣ್ಣ ಹಚ್ಚಿ, ಮಿರಮಿರ ಮಿಂಚಿಸಿ, ಅವರ ಮುಂದಿಟ್ಟೆ.

ಅವರು ಕನ್ನಡಕ ಏರಿಸಿ ಸುತ್ತಲೂ ನೋಡಿದರು. "ಭಾರಿ ಚೆನ್ನಾಗೈತೆ ಕಣಮ್ಮ. ಯಾರ ಲಾರಿ?"

"ನಿಮ್ಮದೇ ಮಾವ!"

"ನಂದಾ? ನನ್ನ ಲಾರಿ ಇಷ್ಟು ಹೊಸದಾಗಿ ಯಾವತ್ತೂ ಇರ್ಲಿಲ್ಲ. ಕೊಂಡ ದಿನಾನೂ ಇರ್ಲಿಲ್ಲ."

ಅಲ್ಲಿಗೆ ನನ್ನ ಕೆಲಸ ಮಕ್ಕಳ ಆಟದ ಸಾಮಾನಾಯಿತು. ಕಾನ್ವೆಂಟಿನ ವಿದ್ಯೆಗೆ ಆದ ಈ ಅವಮಾನವನ್ನು ನಾನು ಸುಮ್ಮನೆ ನುಂಗುವವಳಲ್ಲ. ಅವರ ಬಾಯಿಂದಲೇ "ಇದು ನನ್ನ ಲಾರಿ" ಅನ್ನಿಸಬೇಕು ಎಂದು ಹಟ ಹಿಡಿದೆ. ಅದಕ್ಕೆ ಲಾರಿ ಹಳೆಯದಾಗಬೇಕಿತ್ತು. ಅದಕ್ಕೆಂದೇ ಬರುವ ಬಣ್ಣಗಳು ಪರದೇಶದವು. ಸಂಸಾರಸ್ಥರು ಬೆಲೆ ಕೇಳಬಾರದಂಥವು. ಹಾಗಾಗಿ ಅಗ್ಗದ ಕೊಳೆಯನ್ನು ಹತ್ತಿರದಲ್ಲೇ ಹುಡುಕಲು ಹೊರಟೆ.

ತುಕ್ಕು

ಮೊದಲು ಬೇಕಾದದ್ದು ತುಕ್ಕು. ಬಣ್ಣದಲ್ಲಿ ಬರೆದ ತುಕ್ಕಿಗಿಂತ ನಿಜವಾದ ತುಕ್ಕೇ ಲೇಸೆಂದು ಇಸ್ತ್ರಿ ಮಾಡಿದ ಸೀರೆಯುಟ್ಟು, ಛತ್ರಿ ಹಿಡಿದು, ಬಸ್ ಸ್ಟ್ಯಾಂಡಿನ ಹಿಂದಿದ್ದ ಸಾಹೇಬರ ಗ್ಯಾರೇಜಿಗೆ ಹೋದೆ. ಸಾಹೇಬರು ಕೈ ಒರೆಸಿಕೊಂಡು ಎದ್ದು ನಿಂತರು.

"ಏನಾಗ್ಬೇಕಿತ್ತು ಅಮ್ಮಾವ್ರೆ?"

"ಸ್ವಲ್ಪ ತುಕ್ಕು ಬೇಕಿತ್ತು."

"ತೆಗೀಬೇಕಿತ್ತಾ?"

"ತೆಗೆದು ನನಗೆ ಕೊಡಬೇಕಿತ್ತು."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ದೊಡ್ಡ ಮನೆಯವರು ಕೇಳಿದ್ದನ್ನು ಯಾಕೆಂದು ಕೇಳಬಾರದು ಅಂದುಕೊಂಡರೋ ಏನೋ, ಮೂಲೆಯಲ್ಲಿದ್ದ ಮುದಿ ಕಾರಿನ ಹತ್ತಿರ ಕರೆದುಕೊಂಡು ಹೋಗಿ, ಮಡ್‌ಗಾರ್ಡಿನ ಕೆಳಗೆ ಕಾಗದ ಹಿಡಿದು ಉಳಿಯಲ್ಲಿ ಕೆರೆಯತೊಡಗಿದರು. ಎಂಥ ತುಕ್ಕು! ಬೆಲ್ಲದ ಬಣ್ಣದ್ದು, ಇಟ್ಟಿಗೆ ಬಣ್ಣದ್ದು, ಸುಟ್ಟ ಕಾಫಿ ಬೀಜದ ಬಣ್ಣದ್ದು. "ಇನ್ನೂ ಸ್ವಲ್ಪ" ಎಂದೆ ನಾನು. "ಆ ಕೆಂಪನೆಯದು ಬರಲಿ" ಎಂದೆ. ಪಾಪ, ಅವರು ಧಾರಾಳವಾಗಿ ಕೆರೆದರು. ಕೆರೆಯುತ್ತಿದ್ದ ಹಾಗೆ ಉಳಿ ಆ ಕಡೆಯಿಂದ ಆಚೆ ಬಂತು. ಅಲ್ಲಿ ಕಬ್ಬಿಣ ಎನ್ನುವುದು ಉಳಿದೇ ಇರಲಿಲ್ಲ.

ಸರಿಯಾಗಿ ಆಗಲೇ ಕಾರಿನ ಯಜಮಾನರು ಬಂದರು. ಕೊಬ್ಬರಿ ಮಂಡಿಯವರು, ಜೋರು ಗಂಟಲಿನವರು. ತೂತಿನೊಳಗೆ ಕೈ ತೂರಿಸಿ ಕೂಗಿದರು: "ಏನ್ರೀ ಸಾಹೇಬ್ರೆ, ನನ್ನ ಮಡ್‌ಗಾರ್ಡ್ ಎಲ್ರೀ?"

ಸಾಹೇಬರು ಶಾಂತವಾಗಿ ನನ್ನ ಕೈ ತೋರಿಸಿದರು. "ಅಮ್ಮಾವ್ರ ಪೊಟ್ಟಣದಾಗೈತೆ."

ಹಲ್ಲುಪುಡಿ

ಆ ತುಕ್ಕನ್ನು ಅರೆದು, ಹಳೆಯ ತೆಳು ಮಲ್ಲು ಬಟ್ಟೆಯಲ್ಲಿ ಜರಡಿ ಹಿಡಿದೆ. ಮುಖಕ್ಕೆ ಹಾಕುವ ಪೌಡರಿನಷ್ಟು ನಯವಾಯಿತು. ತೆಂಗಿನ ಚಿಪ್ಪಿನ ಇದ್ದಿಲನ್ನೂ ಹಾಗೇ ಪುಡಿ ಮಾಡಿಕೊಂಡೆ. ಸೈಲೆನ್ಸರಿನ ಹೊಗೆಗೆ ಅದಕ್ಕಿಂತ ಒಳ್ಳೆಯ ಕಪ್ಪು ಇಲ್ಲ. ತೆಳು ಗಂಜಿಯಲ್ಲಿ ಕಲಸಿ ಹಚ್ಚಿದರೆ ಎರಡೂ ತಗಡಿಗೆ ಕಚ್ಚಿಕೊಳ್ಳುತ್ತಿದ್ದವು. ಆದರೆ ತುಕ್ಕಿನ ಪುಡಿ ಕೊಂಚ ತೇವವಾಗಿತ್ತೆಂದು ಬಾಯಗಲದ ಸೀಸೆಯಲ್ಲಿ ತುಂಬಿ, ಬಿಸಿಲು ಬೀಳುವ ಬಚ್ಚಲುಮನೆ ಕಿಟಕಿಯಲ್ಲಿ ಇಟ್ಟಿದ್ದೆ.

ಅದೇ ವಾರ ನನ್ನ ಗಂಡನ ಅಕ್ಕ ತುರುವೇಕೆರೆಯಿಂದ ಬಂದಿದ್ದರು. ಅವರಿಗೆ ನನ್ನ ಯಾವ ಕೆಲಸವೂ ಒಪ್ಪಿಗೆಯಾದದ್ದಿಲ್ಲ. ನನ್ನ ಸಾರು ನೀರು, ನನ್ನ ಶಿಸ್ತು ಜಂಬ. ಮಾರನೆಯ ಬೆಳಗ್ಗೆ ಬಚ್ಚಲಿನಿಂದ ಹೊರಬಂದವರು, ನಾನು ಆ ಮನೆಗೆ ಬಂದಾಗಿನಿಂದ ಮೊದಲ ಸಲ, ನನ್ನನ್ನು ನೋಡಿ ನಕ್ಕರು. ಹಲ್ಲುಗಳೆಲ್ಲ ಹೆಂಚಿನ ಬಣ್ಣ.

"ಆ ಕೆಂಪು ಹಲ್ಲುಪುಡಿ ಎಲ್ಲಿ ತರಿಸ್ದೆ? ಸೊಗಸಾಗೈತೆ ಕಣೇ!"

ನಿಜ ಹೇಳಲು ನನಗೆ ಧೈರ್ಯವಾಗಲಿಲ್ಲ. ಅಷ್ಟು ವರ್ಷಕ್ಕೆ ಸಿಕ್ಕ ಒಂದೇ ಒಂದು ಹೊಗಳಿಕೆ ಅದು. "ಮನೆಯಲ್ಲೇ ಮಾಡಿದ್ದು ಅತ್ತಿಗೆ, ಮುಗಿದುಹೋಯಿತು" ಎಂದು ಸೀಸೆ ಅಡಗಿಸಿಟ್ಟೆ. ಅವರು ಊರಿಗೆ ಹೊರಟಾಗ ಬಾಗಿಲಲ್ಲಿ ನಿಂತು ಗುಟ್ಟಾಗಿ ಹೇಳಿದರು: "ಮತ್ತೆ ಮಾಡ್ದಾಗ ನಂಗೂ ಒಂದು ಡಬ್ಬಿ ಕಳ್ಸು. ಒಂದೇ ಸಲಕ್ಕೆ ಹಲ್ಲು ಕಬ್ಬಿಣ ಆದಂಗೆ ಆಗ್ಬುಟ್ಟೈತೆ."

ಧೂಳು

ತುಕ್ಕೂ ಹೊಗೆಯೂ ಆದ ಮೇಲೆ ಲಾರಿಯನ್ನು ಮತ್ತೆ ಮಾವನವರ ಮುಂದಿಟ್ಟೆ. "ಹ್ಞೂಂ" ಎಂದರು. ಹಿಂದಿನ ಸಲದ ಹೊಗಳಿಕೆಗಿಂತ ತೂಕವಾದ "ಹ್ಞೂಂ". ಆದರೂ "ನನ್ನ ಲಾರಿ" ಅನ್ನಲಿಲ್ಲ.

"ಇನ್ನೇನು ಕಮ್ಮಿ ಮಾವ?"

"ಶೆಟ್ಟಿಕೆರೆ ರಸ್ತೆ ಕಂಡಿಲ್ಲ ಕಣಮ್ಮ ಇದು."

ಅವರು ಕಾಯಿ ತುಂಬಿ ತರುತ್ತಿದ್ದ ಹಳ್ಳಿಯ ರಸ್ತೆ ಅದು. ನಮ್ಮ ಹಿತ್ತಲಿನಲ್ಲೂ ಮಣ್ಣಿತ್ತು. ಆದರೆ ಶೆಟ್ಟಿಕೆರೆ ಎಂದರೆ ಶೆಟ್ಟಿಕೆರೆ. ಎರಡು ಬಿಳಿ ಕರವಸ್ತ್ರ, ಒಂದು ಚಮಚ, ನಾಲ್ಕು ಖಾಲಿ ಡಬ್ಬಿ ತೆಗೆದುಕೊಂಡು ಬಸ್ಸು ಹತ್ತಿದೆ. ಅಲ್ಲಿಳಿದು, ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಚಮಚದಲ್ಲಿ ಧೂಳು ಎತ್ತಿ, ಬೆಳಕಿಗೆ ಹಿಡಿದು ಬಣ್ಣ ಪರೀಕ್ಷಿಸಿ, ಡಬ್ಬಿಗೆ ತುಂಬತೊಡಗಿದೆ. ತಲೆ ಎತ್ತಿದರೆ ಸುತ್ತ ಜನ. ಒಬ್ಬರ ಟವೆಲ್ಲಿನಲ್ಲಿ ಮಣ್ಣು, ಇನ್ನೊಬ್ಬರ ಬೊಗಸೆಯಲ್ಲಿ ಮಣ್ಣು. ಒಬ್ಬ ಹೆಂಗಸು ಮೊರದ ತುಂಬ ತಂದಿದ್ದಳು.

"ಮಣ್ಣು ನೋಡೋರು ಬಂದವ್ರೆ ಅಂದ್ರು" ಎಂದು ಮುಂದೆ ಬಂದ ಒಬ್ಬ ಹಿರಿಯರು ಟವೆಲ್ಲು ಬಿಚ್ಚಿದರು. "ನಮ್ಮ ತೋಟದ್ದು ತಾಯಿ. ಹೀಚು ನಿಲ್ತಾ ಇಲ್ಲ, ಎಲ್ಲ ಉದ್ರಿ ಹೋಯ್ತವೆ. ಏನ್ ಗೊಬ್ಬರ ಹಾಕ್ಲಿ ಹೇಳಿ."

"ನಾನು ಸರ್ಕಾರದವಳಲ್ಲ ಕಣ್ರೀ. ಈ ಧೂಳು ಲಾರಿಗೆ ಹಚ್ಚಲು ಬೇಕು."

ಎಲ್ಲರೂ ಮುಖ ಮುಖ ನೋಡಿಕೊಂಡರು. ಹಿರಿಯರು ಟವೆಲ್ಲು ಕಟ್ಟಿಕೊಳ್ಳುತ್ತ ಕನಿಕರದಿಂದ ಅಂದರು: "ಅದಕ್ಯಾಕೆ ತಾಯಿ ಬಿಸ್ಲಲ್ಲಿ ನೀವು ಬಂದ್ರಿ? ಲಾರೀನೇ ಒಂದು ಸಲ ಕಳ್ಸಿದ್ರೆ ಆಗೋದು. ನಮ್ಮ ರೋಡು ಯಾರಿಗೂ ಇಲ್ಲ ಅಂದಿಲ್ಲ, ಪುಕ್ಕಟೆ ಹಚ್ಚಿ ಕಳ್ಸ್ತದೆ."

ಆಯುಧ ಪೂಜೆ

ಧೂಳು ಹಚ್ಚಿ, ಡೀಸೆಲ್ ಟ್ಯಾಂಕಿನ ಸುತ್ತ ಕಾಫಿ ಗಸಿಯ ಕಲೆ ಮಾಡಿ, ಹಿಂಬದಿಯಲ್ಲಿ ತೆಂಗಿನ ನಾರಿನ ಪುಡಿ ಉದುರಿಸಿದೆ. ಮುಟ್ಟಿದರೆ ಕೈ ತೊಳೆದುಕೊಳ್ಳಬೇಕು ಅನ್ನಿಸುವ ಹಾಗಾಯಿತು. ನನ್ನ ಕೈಯಿಂದ ಅಷ್ಟು ಚೆನ್ನಾದ ಕೆಲಸ ಹಿಂದೆಂದೂ ಆಗಿರಲಿಲ್ಲ. ಆಯುಧ ಪೂಜೆಯ ದಿನ ಊಟವಾದ ಮೇಲೆ ತೋರಿಸೋಣವೆಂದು ನಡುಮನೆಯ ಮೇಜಿನ ಮೇಲೆ ಇಟ್ಟೆ.

ಹಬ್ಬದ ಬೆಳಗ್ಗೆ ಮೇಜು ಖಾಲಿ.

ಓಡಿಹೋಗಿ ಅಂಗಳದಲ್ಲಿ ನೋಡುತ್ತೇನೆ: ಸೈಕಲ್ಲು, ತಕ್ಕಡಿ, ಮಚ್ಚು, ಈಳಿಗೆಮಣೆ ಎಲ್ಲ ಮಿಂದು ಸಾಲಾಗಿ ಬಿಸಿಲಿಗೆ ಕೂತಿವೆ. ಅವುಗಳ ಪಕ್ಕದಲ್ಲಿ ಮಾವನವರು ಪಂಚೆ ಎತ್ತಿ ಕಟ್ಟಿ, ತೆಂಗಿನ ನಾರು, ಸೀಗೆಪುಡಿ ಹಿಡಿದು ನನ್ನ ಲಾರಿಯನ್ನು ಉಜ್ಜುತ್ತಿದ್ದಾರೆ! ತುಕ್ಕು ಹೋಗಿತ್ತು, ಹೊಗೆ ಹೋಗಿತ್ತು, ಶೆಟ್ಟಿಕೆರೆ ಬಚ್ಚಲು ನೀರಿನಲ್ಲಿ ಹರಿದುಹೋಗುತ್ತಿತ್ತು.

"ಮಾವ! ಏನು ಮಾಡಿಬಿಟ್ಟಿರಿ!"

"ಯಾರ ಲಾರಿ ಆದ್ರೇನಮ್ಮ, ವರ್ಷಕ್ಕೊಂದಿನನಾದ್ರೂ ತೊಳೀಬೇಡ್ವಾ? ಏನ್ ಕೊಳೆ, ಏನ್ ಕೊಳೆ! ಬುಡು, ಈಗ ಕ್ಲೀನಾಯ್ತು."

ನನಗೆ ಅಳು ಬರುವುದೊಂದು ಬಾಕಿ. ಅವರಿಗೆ ಅದರ ಪರಿವೆಯೇ ಇಲ್ಲ. ಲಾರಿಯನ್ನು ಜಗಲಿಯ ಮೇಲಿಟ್ಟು, ವಿಭೂತಿ ಎಳೆದು, ಚೆಂಡು ಹೂವಿನ ಎಸಳು ಅಂಟಿಸಿ, ಚಕ್ರದ ಕೆಳಗಿಡಲು ನಿಂಬೆಹಣ್ಣು ತಂದರು. ಹಣ್ಣು ಚಕ್ರಕ್ಕಿಂತ ದೊಡ್ಡದಾಗಿತ್ತು. ಅಷ್ಟು ದುಃಖದಲ್ಲೂ ಅದನ್ನು ನಾನು ಸಹಿಸಲಾರದಾದೆ.

"ಮಾವ, ಅಳತೆ ತಪ್ಪುತ್ತೆ. ಈ ಲಾರಿಯ ಲೆಕ್ಕಕ್ಕೆ ನಿಂಬೆಹಣ್ಣು ಅಂದರೆ ಒಂದು ಸಾಸಿವೆ ಕಾಳು."

ಮಾವನವರು ಯೋಚಿಸಿ ತಲೆಯಾಡಿಸಿದರು. ಒಳಕ್ಕೆ ಕೂಗಿದರು: "ಲೇ, ಒಂದಿಷ್ಟು ಸಾಸಿವೆ ಕೊಡೇ!"

ಅಡಿಗೆಮನೆಯಿಂದ ಅತ್ತೆಯ ದನಿ ಬಂತು: "ಯಾಕೆ, ಲಾರಿಗೆ ಒಗ್ಗರಣೆನಾ?"

ನಾಲ್ಕು ಚಕ್ರದ ಕೆಳಗೂ ಸಾಸಿವೆ ಇಟ್ಟದ್ದಾಯಿತು. ಮಾವನವರು ತೆಂಗಿನಕಾಯಿ ಎತ್ತಿಕೊಂಡು, "ಇದನ್ನ ಮಾತ್ರ ಅಳತೆಗೆ ಇಳ್ಸಲ್ಲ ಕಣಮ್ಮ, ತಿಪಟೂರಿನ ಮರ್ಯಾದೆ ಪ್ರಶ್ನೆ" ಎಂದು ಠಣ್ಣನೆ ಒಡೆದರು. ಆಮೇಲೆ ಒಂದು ಬೆರಳಲ್ಲಿ ಲಾರಿಯನ್ನು ಮುಂದಕ್ಕೆ ನೂಕಿದರು. ಸಾಸಿವೆ ನಿಂಬೆಹಣ್ಣಿನ ಹಾಗೆ ಒಡೆಯುವುದಿಲ್ಲ, ಉರುಳುತ್ತದೆ. ಎಣ್ಣೆ ಹಾಕಿ ತಿಕ್ಕಿದ್ದ ಜಗಲಿ ಬೇರೆ. ಲಾರಿ ಜರ್ರನೆ ಜಾರಿ, ಅಡ್ಡ ಹಾಕಿದ ನನ್ನ ಕೈ ತಪ್ಪಿಸಿಕೊಂಡು, ಜಗಲಿಯ ಅಂಚು ದಾಟಿ, ಬೆಳಗಿನಿಂದ ಸಾಮಾನು ತೊಳೆದ ನೀರು ನಿಂತು ರಾಡಿಯಾಗಿದ್ದ ಗುಂಡಿಗೆ ಮೂತಿ ಮುಂದಾಗಿ ಬಿತ್ತು.

ಮಾವನವರು ಕೆಳಗಿಳಿದು ಅದನ್ನು ಎರಡು ಕೈಯಲ್ಲಿ ಎತ್ತಿದರು. ಒಂದು ದೀಪ ಹೋಗಿತ್ತು. ಬಂಪರು ಸೊಟ್ಟಗಾಗಿತ್ತು. ಕ್ಯಾಬಿನ್ನಿನವರೆಗೂ ಕೆಸರು. ಅತ್ತಿತ್ತ ತಿರುಗಿಸಿ ನೋಡಿದರು. ಅವರ ಮುಖ ಅರಳುತ್ತಾ ಬಂತು.

"ಬಾರೇ ಇಲ್ಲಿ, ನೋಡು ಬಾ!" ಎಂದು ಅತ್ತೆಯನ್ನು ಕೂಗಿದರು. "ನನ್ನ ಲಾರಿ ಕಣೇ ಇದು! ಸಾಕ್ಷಾತ್ ನನ್ನದೇ! ಅದಕ್ಕೂ ಹಿಂಗೇ ಬ್ರೇಕ್ ಹಿಡೀತಿರ್ಲಿಲ್ಲ!"