ಹೊಳಲ್ಕೆರೆಗೆ ಬಂದ ನೀಲಿಕಲ್ಲು

ನಮ್ಮ ಸೋದರತ್ತೆಯ ಮದುವೆ ತಪ್ಪಿಸಿದ್ದು ಸಮುದ್ರದ ಒಂದು ಚಿಪ್ಪುಜೀವಿ ಎಂದರೆ ನೀವು ನಂಬಲಿಕ್ಕಿಲ್ಲ. ಹೊಳಲ್ಕೆರೆಗೂ ಸಮುದ್ರಕ್ಕೂ ಏನು ಸಂಬಂಧ? ನಮ್ಮ ಕಡೆ ನೀರು ಎಂದರೆ ಕೆರೆ, ಅದೂ ತುಂಬಿದರೆ. ಆದರೂ ನಡೆದದ್ದು ಹಾಗೆಯೇ. ಪಾಪ, ಆ ಜೀವಿ ತಾನಾಗಿ ಬಂದದ್ದಲ್ಲ. ಹೆಣ್ಣು ನೋಡಲು ಬಂದವರ ನಡುವೆ ಅದನ್ನು ಮಾತಿನಲ್ಲೇ ತಂದು ಕೂರಿಸಿದವಳು ಅತ್ತೆಯೇ.

ತೊಂಬತ್ತರ ದಶಕದಲ್ಲಿ ಅತ್ತೆ ಊರಿನ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಲೆಕ್ಚರರ್. ನಾನು ಅವಳ ಅಣ್ಣನ ಮಗಳು, ಅವಳದೇ ತರಗತಿಯ ವಿದ್ಯಾರ್ಥಿನಿ. ಮನೆಯಲ್ಲಿ ಅಜ್ಜಿ, ಅತ್ತೆ, ನಾನು, ಮೂವರೇ. ಅತ್ತೆಯ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ನಿಂತೇ ಊಟ, ನಡೆಯುತ್ತಲೇ ಪೇಪರು. ಪಾಠ ಹೇಳುತ್ತಾ ಹಿಂದಿನ ಬಾಗಿಲಿಂದ ವರಾಂಡಕ್ಕೆ ಹೋಗಿ ಮುಂದಿನ ಬಾಗಿಲಿಂದ ಒಳಗೆ ಬರುತ್ತಿದ್ದಳು. ಹೃದಯದ ನಾಲ್ಕು ಕೋಣೆಗಳಲ್ಲಿ ಎರಡು ನಮಗೆ ಸಿಕ್ಕರೆ ಉಳಿದೆರಡು ಪಕ್ಕದ ಕಾಮರ್ಸ್ ತರಗತಿಗೆ ಸಿಗುತ್ತಿದ್ದವು. ಹೃದಯದ ವಿಷಯದಲ್ಲಿ ಕಾಮರ್ಸ್ ಹುಡುಗರು ನಮಗಿಂತ ಮುಂದಿದ್ದರು. ಅದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು.

ಇಂಥವಳನ್ನು ಕುಮಟಾಕ್ಕೆ ಯಾವುದೋ ತರಬೇತಿಗೆ ಕಳಿಸಿದರು. ಸಂಜೆ ಕಡಲ ದಂಡೆಗೆ ಹೋದಾಗ ನೀರು ಹಿಂದೆ ಸರಿದು ಬಂಡೆಗಳು ಹೊರಬಿದ್ದಿದ್ದವಂತೆ. ಬಂಡೆಯ ಮೈತುಂಬ ಹಸಿರು ಅಂಚಿನ ಚಿಪ್ಪುಗಳು, ಸಂತೆ ದಿನದ ಬಸ್ಸಿನಲ್ಲಿ ಜನ ನಿಂತ ಹಾಗೆ ಒತ್ತೊತ್ತಾಗಿ. ಅಲ್ಲಿಯವರು ಅದಕ್ಕೆ ನೀಲಿಕಲ್ಲು ಎನ್ನುತ್ತಾರೆ. ಅದು ನೀಲಿಯೂ ಅಲ್ಲ, ಕಲ್ಲೂ ಅಲ್ಲ. ಎರಡು ಚಿಪ್ಪುಗಳ ನಡುವೆ ಮೆತ್ತಗಿನ ಒಂದು ಜೀವ. ತನ್ನ ಪುಟ್ಟ ಪಾದದಿಂದಲೇ ನಾರಿನಂಥ ಎಳೆಗಳನ್ನು ಮಾಡಿ ಬಂಡೆಗೆ ಕಟ್ಟಿಕೊಳ್ಳುತ್ತದೆ; ಅಲೆ ಎಷ್ಟು ಬಡಿದರೂ ಬಿಡುವುದಿಲ್ಲ. ನೀರು ಇಳಿದಾಗ ಚಿಪ್ಪು ಮುಚ್ಚಿ, ಒಳಗೆ ಉಳಿದ ಅಷ್ಟಿಷ್ಟು ನೀರಿನಲ್ಲೇ ಜೀವ ಹಿಡಿದಿರುತ್ತದೆ. ನೀರು ಏರಿದಾಗ ಚಿಪ್ಪು ತೆರೆದು ಸಮುದ್ರವನ್ನೇ ಒಳಗೆಳೆದುಕೊಂಡು, ಕಣ್ಣಿಗೆ ಕಾಣದ ಪಾಚಿಯನ್ನು ಸೋಸಿ ತಿಂದು, ನೀರನ್ನು ವಾಪಸು ಬಿಡುತ್ತದೆ.

ಅತ್ತೆ ಊರಿಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದಳು.

"ನೀಲಿಕಲ್ಲಾ? ಉಂಗುರಕ್ಕೆ ಕಟ್ಟಿಸ್ತೀಯೇನೇ? ಶನಿಕಾಟಕ್ಕೆ ಒಳ್ಳೇದಂತೆ" ಎಂದಳು ಅಜ್ಜಿ.

"ಅದು ಉಸಿರಾಡತೈತೆ ಅವ್ವ."

"ಹಂಗಾದ್ರೆ ಬ್ಯಾಡ ಬಿಡು."

ಅದೇ ತಿಂಗಳು ಚಿಕ್ಕಜಾಜೂರಿನಿಂದ ಗಂಡಿನ ಕಡೆಯವರು ಬಂದರು. ಹುಡುಗ ರೈಲ್ವೆಯಲ್ಲಿ ಕೆಲಸದಲ್ಲಿದ್ದವರು, ಸಾಧು ಮನುಷ್ಯ. ಅತ್ತೆಗೆ ಮೂವತ್ತು ದಾಟಿತ್ತು. ಅಜ್ಜಿ ಆ ದಿನ ದೇವರಿಗೆ ಎರಡು ಸಲ ದೀಪ ಹಚ್ಚಿದ್ದಳು. ಉಪ್ಪಿಟ್ಟು, ಕಾಫಿ ಬಂತು. ಹುಡುಗ ಮೆಲ್ಲಗೆ ಕೇಳಿದರು, "ನಿಮಗೆ ಏನು ಇಷ್ಟ?"

ಸಂಗೀತ ಎನ್ನಬಹುದಿತ್ತು. ರಂಗೋಲಿ ಎನ್ನಬಹುದಿತ್ತು. ಅತ್ತೆ ಹೇಳಿದ್ದು, "ನೀಲಿಕಲ್ಲು."

ಹುಡುಗನ ತಂದೆಯ ಮುಖ ಅರಳಿತು. "ನಮ್ಮ ಹುಡುಗನಿಗೂ ಜೋಯಿಸರು ಅದನ್ನೇ ಹಾಕ್ಕೊಳ್ಳಾಕೆ ಹೇಳ್ಯಾರೆ."

"ಅದಲ್ರಿ, ಇದು ಸಮುದ್ರದ್ದು. ಹೊರಗಿಂದ ಗಂಡು ಹೆಣ್ಣು ಗೊತ್ತಾಗಲ್ಲ. ಚಿಪ್ಪು ಬಿಚ್ಚಿ ನೋಡಬೇಕು. ಬಲಿತ ಗಂಡು ಕೆನೆ ಬಣ್ಣ, ಹೆಣ್ಣು ಕಿತ್ತಳೆ ಬಣ್ಣ."

ಅಂದು ಹುಡುಗ ತೊಟ್ಟಿದ್ದು ಕೆನೆ ಬಣ್ಣದ ಷರಟು. ಅತ್ತೆಯದು ಕಿತ್ತಳೆ ಸೀರೆ. ಅಜ್ಜಿ ಕಣ್ಣು ಮುಚ್ಚಿಕೊಂಡಳು.

"ಅವುಕ್ಕೆ ಮದ್ವೆ ಗಿದ್ವೆ ಹೆಂಗ್ರಿ?" ಹುಡುಗ ನಿಜವಾದ ಕುತೂಹಲದಿಂದಲೇ ಕೇಳಿದರು.

"ಮದ್ವೆ ಇಲ್ರಿ. ಗಂಡು ತನ್ನದನ್ನ ನೀರಿಗೆ ಬಿಡತೈತೆ, ಹೆಣ್ಣು ಮೊಟ್ಟೆ ನೀರಿಗೆ ಬಿಡತೈತೆ. ಅವೆರಡೂ ನೀರಲ್ಲೇ ಕೂಡ್ತಾವೆ. ಗಂಡು ಹೆಣ್ಣು ಒಬ್ಬರ ಮುಖ ಒಬ್ಬರು ನೋಡೋದೇ ಇಲ್ಲ. ಮರಿಗಳು ಸ್ವಲ್ಪ ದಿನ ತೇಲಾಡಿ ಆಮೇಲೆ ಯಾವುದಾದ್ರೂ ಬಂಡೆ ಹಿಡ್ಕೊಂತಾವೆ."

ಹುಡುಗನ ತಂದೆ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟರು. "ಹೋಗಾಣ ನಡಿಯಪ್ಪ" ಎಂದರು. ಹುಡುಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದರು. ಅವರಿಗೆ ಕೇಳಲು ಇನ್ನೂ ಒಂದು ಪ್ರಶ್ನೆ ಇತ್ತು ಎಂದೇ ನನ್ನ ಅನುಮಾನ.

ಅಂದಿನಿಂದ ಅಜ್ಜಿ ಅತ್ತೆಯ ಜೊತೆ ಮಾತು ಬಿಟ್ಟಳು. ಮನೆಯ ವ್ಯವಹಾರವೆಲ್ಲ ನನ್ನ ಮೂಲಕ. ಅತ್ತೆ ಎದುರಿಗೇ ನಿಂತಿದ್ದರೂ, "ನಿಮ್ಮತ್ತೆಗೆ ಹೇಳು, ಅನ್ನ ಆರತೈತೆ." ಅತ್ತೆ ನನ್ನ ಕಡೆ ತಿರುಗಿ, "ನಿಮ್ಮಜ್ಜಿಗೆ ಹೇಳು, ಬಂದೆ ಅಂತ." ಇಬ್ಬರ ನಡುವೆ ಕತ್ತು ತಿರುಗಿಸಿ ತಿರುಗಿಸಿ ನನಗೆ ಸಾಕಾಗಿತ್ತು.

ಅತ್ತೆ ಮಾತ್ರ ಸುಮ್ಮನಾಗಲಿಲ್ಲ. ಪುಸ್ತಕದ ಚಿತ್ರ ತೋರಿಸಿದರೆ ಪಾಠವಾಗುತ್ತದೆಯೇ? ಸಮುದ್ರ ನೋಡದ ಮಕ್ಕಳು ಅದರ ಒಂದು ಜೀವವನ್ನಾದರೂ ಜೀವಂತ ನೋಡಬೇಡವೇ? ರಜೆ ಹಾಕಿ ಕುಮಟಾಕ್ಕೆ ಹೋದವಳು ಶುಕ್ರವಾರ ಒಂದು ಒದ್ದೆ ಗೋಣಿಚೀಲ, ಎರಡು ಕ್ಯಾನು ಸಮುದ್ರದ ನೀರಿನೊಂದಿಗೆ ಇಳಿದಳು. ಬಸ್ಸು ಸಾಗರ ಪಟ್ಟಣ ದಾಟಿದ ಮೇಲೆ ಆ ವಾಸನೆಗೆ ಸುತ್ತಲಿನವರೆಲ್ಲ ಎದ್ದು ಹೋಗಿ, ಶಿವಮೊಗ್ಗದವರೆಗೆ ಹಿಂದಿನ ಉದ್ದ ಸೀಟು ಪೂರ್ತಿ ಅವಳದೇ ಆಯಿತಂತೆ. ನಮ್ಮದು ಮೊಟ್ಟೆಯೂ ಹೊಸಿಲು ದಾಟದ ಮನೆ. ಅಜ್ಜಿ ಬಾಗಿಲಿಗೆ ಅಡ್ಡ ನಿಂತು ನನಗೆ ಹೇಳಿದಳು, "ಒಳಗೆ ತರಂಗಿಲ್ಲ ಅಂತ ಹೇಳು." ಗೋಣಿಚೀಲ ಸುತ್ತು ಹಾಕಿ ಹಿತ್ತಲ ಬಚ್ಚಲಿಗೆ ಹೋಯಿತು. ಅಲ್ಲಿ ದೊಡ್ಡ ಟಬ್ಬಿನಲ್ಲಿ ನೀಲಿಕಲ್ಲುಗಳು ನೀರು ಕಂಡವು.

ತರಗತಿ ಇದ್ದದ್ದು ಸೋಮವಾರ. ಶನಿವಾರ ಚಿತ್ರದುರ್ಗದಲ್ಲಿ ಲೆಕ್ಚರರ್‌ಗಳ ಸಭೆ, ತಪ್ಪಿಸುವಂತಿಲ್ಲ. ನನಗೂ ಹಲ್ಲು ಕೀಳಿಸಲು ದುರ್ಗಕ್ಕೇ ಹೋಗಬೇಕಿತ್ತು. ನಿಂತ ನೀರಿನಲ್ಲಿ ಗಾಳಿ ಸಾಲದು, ಚೊಂಬಿನಲ್ಲಿ ಎತ್ತಿ ಎತ್ತಿ ಸುರಿಯುತ್ತಿರಬೇಕು, ಇಲ್ಲದಿದ್ದರೆ ಉಸಿರು ಕಟ್ಟಿ ಸಾಯುತ್ತವೆ ಎಂದು ಅತ್ತೆ ಹೊರಡುವಾಗ ಹಿತ್ತಲ ಗೋಡೆಗೆ ಹೇಳಿದಳು. ಗೋಡೆಯ ಆಚೆ ಅಜ್ಜಿ ಅಕ್ಕಿ ಆರಿಸುತ್ತಿದ್ದಳು.

ದುರ್ಗದಲ್ಲಿ ಅತ್ತೆ ಸಭೆಯ ಹೊತ್ತೆಲ್ಲ ಹಿಂದುಗಡೆ ಅತ್ತಿಂದಿತ್ತ ಓಡಾಡಿದಳಂತೆ. ಅಧ್ಯಕ್ಷರು ಕೂತ್ಕೊಳ್ಳಿ ಎಂದರೂ ಕೇಳಲಿಲ್ಲವಂತೆ. ವಾಪಸು ಬರುವ ಬಸ್ಸಿನಲ್ಲಿ ಅವಳದು ಒಂದೇ ಮಾತು: "ಸತ್ತಿರ್ತಾವೆ ಬಿಡೇ. ಎಲ್ಲ ಸತ್ತಿರ್ತಾವೆ." ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ನಾನು ಸಮಾಧಾನವನ್ನಾದರೂ ಹೇಗೆ ಹೇಳಲಿ? ಬಸ್ಸು ನಿಲ್ದಾಣದೊಳಗೆ ತಿರುಗುವ ಮೊದಲೇ ಅವಳು ಇಳಿದಿದ್ದಳು. ನಾನು ಊದಿದ ಕೆನ್ನೆ ಹಿಡಿದು ಹಿಂದೆ ಓಡಿದೆ.

ಬಚ್ಚಲ ಕಲ್ಲಿನ ಮೇಲೆ ಅಜ್ಜಿ ಕುಕ್ಕರುಗಾಲಲ್ಲಿ ಕೂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೊಂಬಿನಲ್ಲಿ ನೀರೆತ್ತಿ, ಸಣ್ಣ ಧಾರೆಯಾಗಿ ಟಬ್ಬಿಗೆ ಸುರಿಯುತ್ತಿದ್ದಳು. ಬೆರಳ ತುದಿಗಳು ನೀರಿನಲ್ಲಿ ನೆಂದು ಬಿಳಿಚಿದ್ದವು. ತಲೆ ಎತ್ತದೆ ಹೇಳಿದಳು:

"ಹಿಂದಕ್ಕೆ ನಿಂತ್ಕ. ನೆರಳು ಬಿದ್ರೆ ಬಾಯಿ ಮುಚ್ಕೊಂತಾವೆ."

ಅತ್ತೆ ಹಿಂದಕ್ಕೆ ಸರಿದಳು.

"ಕೆಲವು ಸತ್ತವೆ ಕಣೇ. ದಾಸವಾಳದ ಬುಡಕ್ಕೆ ಹಾಕಿದೀನಿ. ಬೈಬ್ಯಾಡ."

ಅತ್ತೆ ಕೇಳಿದಳು, "ಊಟ ಮಾಡಿದ್ಯೇನವ್ವ?"

"ಬಿಟ್ಟು ಎದ್ರೆ ಸಾಯ್ತಾವೆ ಅಂದ್ಯಲ್ಲ."

ಅತ್ತೆ ಚೊಂಬಿಗೆ ಕೈ ಚಾಚಿದಳು. ಅಜ್ಜಿ ಕೊಡಲಿಲ್ಲ. "ನಿನ್ ಕೈಗೆ ತಾಳ್ಮೆ ಇಲ್ಲ. ದಪದಪ ಸುರೀತೀಯ, ಹೆದರ್ತಾವೆ."

ಸೋಮವಾರ ನಮ್ಮ ತರಗತಿ ನೀಲಿಕಲ್ಲನ್ನು ಜೀವಂತ ನೋಡಿತು. ಕಾಮರ್ಸ್‌ನವರೂ ಕಿಟಕಿಯಲ್ಲಿ ನೇತಾಡಿದರು. ಅತ್ತೆಯ ಮದುವೆ ಆಗಲೇ ಇಲ್ಲ. ಅಜ್ಜಿ ಆ ಮಾತನ್ನು ಮತ್ತೆಂದೂ ಎತ್ತಲೂ ಇಲ್ಲ. ಆದರೆ ಆ ಶನಿವಾರ ಸಂಜೆ ಅತ್ತೆ ಅಡುಗೆಮನೆಗೆ ಹೋಗಿ ಮೊಸರನ್ನ ಕಲಸಿ ತಂದು, ಒದ್ದೆ ಕಲ್ಲಿನ ಮೇಲೆ ತಾಯಿಯ ಪಕ್ಕ ಕೂತು, ಒಂದು ತುತ್ತು ಮಾಡಿ ಅವಳ ಮುಖದ ಹತ್ತಿರ ಹಿಡಿದಳು. ಅಜ್ಜಿ ನೀರು ಸುರಿಯುವುದನ್ನು ನಿಲ್ಲಿಸಲಿಲ್ಲ. ಟಬ್ಬಿನ ಮೇಲಿನ ಕಣ್ಣು ತೆಗೆಯದೆ, ಸುಮ್ಮನೆ ಬಾಯಿ ತೆರೆದಳು.